ಎಂಜಿನ್ ತಣ್ಣಗಿರುವಾಗಲೇ ನೋಡಬೇಕು

ಷೋರೂಮಿನಲ್ಲಿ 60 ಲಕ್ಷ ರೂಪಾಯಿ ಬೆಲೆ ಕಟ್ಟಿಸಿಕೊಂಡಿದ್ದ ಜರ್ಮನ್ ಕಾರು ಏಳೆಂಟು ವರ್ಷ ಕಳೆಯುವಷ್ಟರಲ್ಲಿ 20 ಲಕ್ಷದ ಆಸುಪಾಸಿಗೆ ಇಳಿದಿರುತ್ತದೆ. ಅದೇ ದುಡ್ಡಿಗೆ ಹೊಸದೊಂದು ಮಧ್ಯಮ ದರ್ಜೆಯ ಎಸ್‌ಯುವಿ ಸಿಗುವಾಗ, ಹೊಳೆಯುತ್ತ ನಿಂತ ಬೆಂಜೋ ಬಿಎಂಡಬ್ಲ್ಯುವೋ ಯಾರ ಮನಸ್ಸನ್ನೂ ಸೆಳೆಯುತ್ತದೆ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಹೆಡ್‌ಲೈಟ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಯಾವುದು ಕೈಕೊಟ್ಟರೂ ಬಿಲ್ ಬರುವುದು 60 ಲಕ್ಷದ ಕಾರಿನ ಲೆಕ್ಕದಲ್ಲೇ. ಇಂಥ ಕಾರುಗಳ ಒಂದು ಹೆಡ್‌ಲೈಟಿನ ಬೆಲೆಯೇ ಲಕ್ಷ ದಾಟುವುದುಂಟು.

ಈ ಅಂತರವೇ ಒಂದು ಕಸುಬನ್ನು ಬೆಳೆಸಿದೆ. ಕೊಳ್ಳುವವರ ಪರವಾಗಿ ನಿಂತು, ಕಾರನ್ನು ಅರ್ಧ ದಿನ ಜಾಲಾಡಿ, ಕಂಡದ್ದನ್ನು ಬರೆದು ಕೊಡುವ ಕಸುಬು ಇದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಮುನ್ನ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ತೋರಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಬಾನೆಟ್ ಎತ್ತಿ, ಆಕ್ಸಿಲರೇಟರ್ ಒತ್ತಿ, ಹೊಗೆಯ ಬಣ್ಣ ನೋಡಿ, ಒಂದು ಸುತ್ತು ಓಡಿಸಿದರೆ ಅಂಬಾಸಿಡರ್, ಮಾರುತಿ 800ರ ಕಾಲಕ್ಕೆ ಸಾಕಾಗುತ್ತಿತ್ತು. ಇಂದಿನ ಐಷಾರಾಮಿ ಕಾರಿನಲ್ಲಿ ಎಂಜಿನ್, ಬ್ರೇಕ್, ಬಾಗಿಲು, ಸೀಟು ಎಲ್ಲಕ್ಕೂ ಪ್ರತ್ಯೇಕ ಕಂಪ್ಯೂಟರ್‌ಗಳಿರುತ್ತವೆ. ಕಣ್ಣು, ಕಿವಿಗಳ ಜೊತೆಗೆ ಉಪಕರಣಗಳೂ ಬೇಕಾಗಿವೆ.

ಭಾರತದಲ್ಲಿ ಈ ಕಾರುಗಳ ಚರಿತ್ರೆ ತೀರಾ ಉದ್ದದ್ದೇನಲ್ಲ. ಮರ್ಸಿಡಿಸ್ ಬೆಂಜ್ 1995ರಲ್ಲಿ ಪುಣೆಯಲ್ಲಿ ಇ-ಕ್ಲಾಸ್ ಕಾರಿನ ಜೋಡಣೆ ಶುರುಮಾಡಿತು. 2007ರಲ್ಲಿ ಚೆನ್ನೈ ಸಮೀಪ ಬಿಎಂಡಬ್ಲ್ಯು ಕಾರ್ಖಾನೆ ಬಂತು. ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಲ್ಲಿ 2017ರಿಂದ ವೋಲ್ವೊ ಕಾರುಗಳು, ಬಿಡದಿಯಲ್ಲಿ 2020ರಿಂದ ಲೆಕ್ಸಸ್ ಕಾರು ಜೋಡಣೆಯಾಗುತ್ತಿವೆ. ಇಲ್ಲೇ ಜೋಡಣೆಯಾದಂತೆ ಕಾರುಗಳ ಸಂಖ್ಯೆ ಹೆಚ್ಚಿತು. ಅವು ಎರಡನೆಯ, ಮೂರನೆಯ ಮಾಲೀಕರ ಕೈಗೆ ಬರತೊಡಗಿದವು.

ಪರೀಕ್ಷಕರು ಮಾರುವವರ ಮುಂದೆ ಇಡುವ ಮೊದಲ ಷರತ್ತು ಒಂದೇ: ತಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬಾರದು. ಬಂದವರು ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ ಪರೀಕ್ಷೆ ಇನ್ನೊಂದು ದಿನಕ್ಕೆ. ರಾತ್ರಿಯಿಡೀ ನಿಂತ ಎಂಜಿನ್ನಿನ ಎಣ್ಣೆ ಕೆಳಗಿಳಿದು ತಳ ಸೇರಿರುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಸವೆದ ಭಾಗಗಳೆಲ್ಲ ಸದ್ದು ಮಾಡುತ್ತವೆ. ಬಿಸಿಯಾದ ಮೇಲೆ ಅವೇ ಮೌನವಾಗುತ್ತವೆ. ಹಿಂಬದಿಯ ಪೈಪಿನಿಂದ ಬರುವ ನೀಲಿ ಹೊಗೆ ಎಣ್ಣೆ ಸುಡುತ್ತಿರುವುದಕ್ಕೆ ಗುರುತು. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಎಂಜಿನ್ನಿನೊಳಗೆ ಸೇರುತ್ತಿರಬಹುದು.

ತಣ್ಣನೆಯ ಸ್ಟಾರ್ಟಿನ ಸದ್ದಿಗೆ ಪ್ರಸಿದ್ಧ ಉದಾಹರಣೆ ಬಿಎಂಡಬ್ಲ್ಯುವಿನ ಎನ್47 ಡೀಸೆಲ್ ಎಂಜಿನ್. 2007ರಲ್ಲಿ ಬಂದ ಈ ಎರಡು ಲೀಟರ್ ಎಂಜಿನ್ 320ಡಿ, 520ಡಿ ಕಾರುಗಳಲ್ಲಿ ಭಾರತದ ರಸ್ತೆಗಳಲ್ಲೂ ಸಾಕಷ್ಟು ಓಡಿದೆ. ಅದರ ಟೈಮಿಂಗ್ ಚೈನ್ ಇರುವುದು ಮುಂಭಾಗದಲ್ಲಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆಗೆ. ಚೈನ್ ಸಡಿಲವಾದರೆ ತಣ್ಣನೆಯ ಸ್ಟಾರ್ಟಿನಲ್ಲಿ ಸರಪಳಿ ಎಳೆದಾಡಿದ ಸದ್ದು ಕೇಳಿಸುತ್ತದೆ. ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಕೆಳಗಿಳಿಸಬೇಕು. ಹಾಗೇ ಓಡಿಸಿ ಚೈನ್ ತುಂಡಾದರೆ ಪಿಸ್ಟನ್ನುಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ನೇ ಹಾಳು. ಬೆಳಗಿನ ಆ ಕೆಲವು ಸೆಕೆಂಡುಗಳ ಸದ್ದು ಕೇಳಿಸಿಕೊಂಡವರಿಗೆ ಉಳಿಯುವುದು ಲಕ್ಷಗಟ್ಟಲೆ ದುಡ್ಡು.

ಮುಂದಿನ ಸರದಿ ಮೈಬಣ್ಣದ್ದು. ಮೊಬೈಲಿನಷ್ಟೇ ಗಾತ್ರದ ಬಣ್ಣದ ದಪ್ಪ ಅಳೆಯುವ ಮೀಟರನ್ನು ಒಂದೊಂದು ಬಾಗಿಲು, ಫೆಂಡರ್, ಛಾವಣಿ, ಡಿಕ್ಕಿಗಳಿಗೆ ತಾಗಿಸುತ್ತ ಹೋಗುತ್ತಾರೆ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ, ಅಂದರೆ ಒಂದೆರಡು ತಲೆಗೂದಲಿನಷ್ಟು ದಪ್ಪ. ಮೀಟರ್ 250, 300 ಎಂದು ತೋರಿಸಿದರೆ ಆ ಭಾಗಕ್ಕೆ ಮತ್ತೊಮ್ಮೆ ಬಣ್ಣ ಹೊಡೆಸಿದ್ದಾರೆಂದು ಅರ್ಥ. ಸಾವಿರದತ್ತ ಹೋದರೆ ಒಳಗೆ ಪುಟ್ಟಿ ತುಂಬಿದೆ, ಟಿಂಕರಿಂಗ್ ಕೆಲಸ ನಡೆದಿದೆ. ಬಂಪರ್ ಗೀಚಿದ್ದಕ್ಕೆ ಬಣ್ಣ ಹೊಡೆಸುವುದು ತಪ್ಪೇನಲ್ಲ. ಛಾವಣಿ ಮತ್ತು ಛಾವಣಿಯ ಕಂಬಗಳಲ್ಲಿ ಪುಟ್ಟಿ ಸಿಕ್ಕರೆ ಮಾತ್ರ ಕಾರು ದೊಡ್ಡ ಅಪಘಾತ ಕಂಡಿದೆ ಎನ್ನಬಹುದು. ಹಳಬರು ಅಯಸ್ಕಾಂತ ಅಂಟಿಸಿ ಪುಟ್ಟಿ ಪತ್ತೆಹಚ್ಚುತ್ತಿದ್ದರು. ಆಡಿ ಎ8, ಜಾಗ್ವಾರ್ ಎಕ್ಸ್‌ಜೆಯಂಥ ಅಲ್ಯೂಮಿನಿಯಂ ಮೈಯ ಕಾರುಗಳಲ್ಲಿ ಆ ವಿದ್ಯೆ ನಡೆಯುವುದಿಲ್ಲ. ಅವಕ್ಕೆ ಅಲ್ಯೂಮಿನಿಯಂ ಮೇಲೂ ಕೆಲಸ ಮಾಡುವ ಮೀಟರ್ ಬೇಕು.

ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ತಾಗಿ ಬಣ್ಣ ಎದ್ದಿದ್ದರೆ ಯಾರೋ ಬಿಚ್ಚಿದ್ದಾರೆ. ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತುಗಳಿರುತ್ತವೆ. ಐದು ಗಾಜು ಒಂದೇ ವರ್ಷದ್ದಾಗಿ ಆರನೆಯದು ಬೇರೆ ವರ್ಷದ್ದಾಗಿದ್ದರೆ ಕಾರಣ ಕೇಳಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳಿಗೂ ಅರ್ಥವಿದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ದುಬಾರಿ ಕಾರಿಗೆ ನಾಲ್ಕು ಬಗೆಯ ಅಗ್ಗದ ಟೈರು ಹಾಕಿಸಿದವರು ಎಣ್ಣೆ, ಬ್ರೇಕ್ ವಿಷಯದಲ್ಲೂ ಕೈ ಬಿಗಿಹಿಡಿದಿರುವ ಸಾಧ್ಯತೆ ಹೆಚ್ಚು.

ದಕ್ಷಿಣದ ನಗರಗಳಲ್ಲಿ ಪರೀಕ್ಷಕರು ಎಲ್ಲಕ್ಕಿಂತ ಹೆಚ್ಚು ಹೆದರುವುದು ನೀರಿಗೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಸಿರಿವಂತ ಬಡಾವಣೆಗಳಲ್ಲಿ ವಿಲ್ಲಾಗಳ ಮುಂದೆ ನಿಂತಿದ್ದ ದುಬಾರಿ ಕಾರುಗಳು ಕೆಸರುನೀರಿನಲ್ಲಿ ಮುಳುಗಿದ ಚಿತ್ರಗಳನ್ನು ದೇಶವೇ ನೋಡಿತು. ಹೀಗೆ ಮುಳುಗಿದ ಕಾರುಗಳು ವಿಮಾ ಕಂಪನಿಗಳ ಮೂಲಕ ಹರಾಜಾಗಿ, ತೊಳೆದು ಒರೆಸಿಕೊಂಡು, ಬೇರೆ ಊರಿನಲ್ಲಿ ಮತ್ತೆ ಮಾರಾಟಕ್ಕೆ ನಿಲ್ಲುವುದುಂಟು. ಅವುಗಳನ್ನು ಗುರುತಿಸುವ ಬಗೆ ಸರಳ. ಸೀಟ್‌ಬೆಲ್ಟನ್ನು ಕೊನೆಯ ತನಕ ಎಳೆದರೆ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಕಂಬಿಗಳಲ್ಲಿ ತುಕ್ಕು, ಕಾರ್ಪೆಟ್ ಅಡಿಯ ಸ್ಪಂಜಿನಲ್ಲಿ ತೇವ, ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಸಿಗುತ್ತವೆ. ಐಷಾರಾಮಿ ಕಾರುಗಳಲ್ಲಿ ಅನೇಕ ಕಂಪ್ಯೂಟರ್‌ಗಳು ಸೀಟಿನ ಕೆಳಗೆ, ಡಿಕ್ಕಿಯ ತಳದಲ್ಲಿ ಕೂತಿರುತ್ತವೆ. ಮೊಣಕಾಲೆತ್ತರದ ನೀರು ಸಾಕು, ತಿಂಗಳುಗಟ್ಟಲೆ ಒಂದಾದಮೇಲೊಂದು ಕೆಡುತ್ತ ಹೋಗಲು.

ಆಮೇಲೆ ಸ್ಕ್ಯಾನರ್. ಸ್ಟೀರಿಂಗ್ ಅಡಿಯಲ್ಲಿರುವ 16 ಪಿನ್ನಿನ ಸಾಕೆಟ್ಟಿಗೆ ಅದನ್ನು ಜೋಡಿಸಿದರೆ ಕಾರು ತನ್ನ ಹಳೆಯ ಕಾಯಿಲೆಗಳನ್ನು ಹೇಳುತ್ತದೆ. ಮಾರುವವರು ಹಿಂದಿನ ದಿನವೇ ಎರರ್ ಕೋಡ್‌ಗಳನ್ನು ಅಳಿಸಿರಬಹುದು. ಆದರೆ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕವನ್ನೂ ಕಾರು ಇಟ್ಟಿರುತ್ತದೆ. ಮೀಟರ್ ತಿರುಗಿಸಿದ ಮೋಸವೂ ಇಲ್ಲಿಯೇ ಸಿಕ್ಕಿಬೀಳುತ್ತದೆ. ಡ್ಯಾಶ್‌ಬೋರ್ಡಿನ ಅಂಕಿಯನ್ನು ಇಳಿಸುವುದು ಸುಲಭ. ಗೇರ್‌ಬಾಕ್ಸ್, ಬ್ರೇಕ್‌ಗಳ ಕಂಪ್ಯೂಟರಿನಲ್ಲಿ ಉಳಿದ ಅಂಕಿಯನ್ನು ಬದಲಿಸಲು ಅನೇಕರು ಮರೆಯುತ್ತಾರೆ. ಕೆಲವು ಬಿಎಂಡಬ್ಲ್ಯು ಕಾರುಗಳ ಕೀ ಒಳಗೂ ಓಡಿದ ದೂರ ದಾಖಲಾಗಿರುತ್ತದೆ. ಡೀಸೆಲ್ ಕಾರಾದರೆ ಮಸಿ ಹಿಡಿಯುವ ಫಿಲ್ಟರ್ ಎಷ್ಟು ತುಂಬಿದೆ ಎಂಬುದನ್ನೂ ನೋಡುತ್ತಾರೆ. ಊರೊಳಗೇ ಓಡಾಡಿದ ಕಾರಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ.

ಸ್ಕ್ಯಾನರ್ ಹೇಳದ್ದನ್ನು ಲಿಫ್ಟ್ ತೋರಿಸುತ್ತದೆ. ಕಾರನ್ನು ಎತ್ತಿ ಎಣ್ಣೆ ಸೋರಿಕೆ, ಹರಿದ ರಬ್ಬರ್ ಬುಷ್, ಚಾಸಿಗೆ ಹಾಕಿದ ವೆಲ್ಡಿಂಗ್ ಗುರುತುಗಳನ್ನು ಹುಡುಕುತ್ತಾರೆ. ಬ್ರೇಕ್ ಡಿಸ್ಕಿನ ಮೇಲೆ ಅದು ಎಷ್ಟು ತೆಳುವಾಗಬಹುದು ಎಂಬ ಮಿತಿ ಅಚ್ಚಾಗಿರುತ್ತದೆ. ಅಳೆದು ನೋಡುವುದಷ್ಟೇ ಕೆಲಸ. ಏರ್ ಸಸ್ಪೆನ್ಷನ್ ಇರುವ ಕಾರಿನಲ್ಲಿ ನಾಲ್ಕೂ ಚಕ್ರಗಳ ಮೇಲಿನ ಎತ್ತರವನ್ನು ಬೆಳಿಗ್ಗೆಯೇ ಅಳೆಯಬೇಕು. ಗಾಳಿ ತುಂಬಿದ ರಬ್ಬರ್ ಚೀಲಗಳು ವಯಸ್ಸಾದಂತೆ ಬಿರಿಯುತ್ತವೆ, ರಾತ್ರಿ ಕಳೆಯುವಷ್ಟರಲ್ಲಿ ಆ ಮೂಲೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದ ನಿಮಿಷದಲ್ಲಿ ಕಂಪ್ರೆಸರ್ ಗಾಳಿ ತುಂಬಿ ಎಲ್ಲವನ್ನೂ ಸಮ ಮಾಡಿಬಿಡುತ್ತದೆ.

ಕಾಗದಪತ್ರಗಳ ಪರೀಕ್ಷೆಯನ್ನು ಹಗುರವಾಗಿ ಕಾಣುವಂತಿಲ್ಲ. 17 ಅಕ್ಷರ, ಅಂಕಿಗಳ ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಅಡಮಾನದ ನಮೂದು ಉಳಿದಿದೆಯೇ, ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದು ನೋಡಬೇಕು. ವಿಮೆಯ ಕಾಗದವೂ ಮಾತಾಡುತ್ತದೆ: ಸತತ ಐದು ವರ್ಷ ಕ್ಲೇಮ್ ಮಾಡದ ಮಾಲೀಕರಿಗೆ ನೋ ಕ್ಲೇಮ್ ಬೋನಸ್ ಶೇ 50ಕ್ಕೆ ಮುಟ್ಟಿರುತ್ತದೆ. ಅಪಘಾತವೇ ಆಗಿಲ್ಲ ಎನ್ನುವ ಕಾರಿನ ವಿಮೆಯಲ್ಲಿ ಅದು ಸೊನ್ನೆಯಾಗಿದ್ದರೆ ವಿವರಣೆ ಕೇಳಬೇಕು.

ಹೊರರಾಜ್ಯದ ನೋಂದಣಿ ಇದ್ದರೆ ಇನ್ನೂ ಎಚ್ಚರ. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಬರತೊಡಗಿದವು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಕಡಿಮೆಯಾದರೂ ಲೆಕ್ಕ ಹೊರಡುವುದು ಹೊಸದಿದ್ದಾಗಿನ ಬೆಲೆಯಿಂದ. ಅಗ್ಗಕ್ಕೆ ಸಿಕ್ಕಿದ ಕಾರು ಈ ತೆರಿಗೆ ಸೇರಿದಾಗ ಅಗ್ಗವಾಗಿ ಉಳಿಯದಿರಬಹುದು.

ಎಲ್ಲ ಮುಗಿದ ಮೇಲೆ ಕೈಗೆ ಬರುವುದು ಫೋಟೊಗಳು, ಅಳತೆಗಳು ಮತ್ತು ಮುಂದೆ ಎದುರಾಗುವ ರಿಪೇರಿಗಳ ಅಂದಾಜು ಖರ್ಚು ಇರುವ ವರದಿ. ಬೇಡವೆನ್ನಲು ಮಾತ್ರವಲ್ಲ, ಬೆಲೆ ಇಳಿಸಿ ಕೊಳ್ಳಲೂ ಅದು ನೆರವಾಗುತ್ತದೆ. ಏಳೆಂಟು ವರ್ಷದ ಕಾರಿನಲ್ಲಿ ಸವೆತ ಇದ್ದೇ ಇರುತ್ತದೆ. ಅದು ಎಷ್ಟು, ಅದಕ್ಕೆ ತಗಲುವ ಹಣವೆಷ್ಟು ಎಂಬುದು ಗೊತ್ತಿದ್ದು ಕೊಂಡವರು ಇಂಥ ಕಾರುಗಳನ್ನು ವರ್ಷಾನುಗಟ್ಟಲೆ ಸುಖವಾಗಿ ಓಡಿಸಿದ್ದಾರೆ.

ಹಳೆಯ ಐಷಾರಾಮಿ ಕಾರು ಕೊಳ್ಳುವ ಆಸೆಯಿದ್ದರೆ ಟೋಕನ್ ಅಡ್ವಾನ್ಸ್ ಕೊಡುವ ಮುನ್ನವೇ ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಬೇಕು, ನಿಮ್ಮ ಆಯ್ಕೆಯ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ನೋಡಲು ಬಿಡಬೇಕು, ಸ್ಕ್ಯಾನರ್ ಹಾಕಲು ಒಪ್ಪಬೇಕು. ಈ ಮೂರರಲ್ಲಿ ಯಾವುದೊಂದಕ್ಕೆ ಒಲ್ಲೆ ಎಂದರೂ ಆ ಕಾರನ್ನು ಬಿಟ್ಟು ಮುಂದಿನದನ್ನು ನೋಡಿ.