ಆಯುಧಪೂಜೆಯ ಕುಂಬಳಕಾಯಿ: ದಾಸ್ತಾನು ಕೆಡದಿರಲು

ಶರನ್ನವರಾತ್ರಿ ಸಮೀಪಿಸುತ್ತಿದ್ದಂತೆ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆಯ ವರ್ತಕರು ಬೂದುಗುಂಬಳದ ದಾಸ್ತಾನು ಮಾಡತೊಡಗುತ್ತಾರೆ. ಆಯುಧಪೂಜೆಯಂದು ಅಂಗಡಿ, ಗ್ಯಾರೇಜು, ಕಾರ್ಖಾನೆ, ವಾಹನಗಳೆಲ್ಲಕ್ಕೂ ಅದು ಬೇಕು. ಮಂಟಪಗಳ ಅಲಂಕಾರಕ್ಕೆ ಸಿಹಿಗುಂಬಳ ಹಾಗೂ ಮಂಗಳೂರು ಸೌತೆಗೂ ಬೇಡಿಕೆಯುಂಟು. ಆದರೆ ಈ ಬೇಡಿಕೆ ಒಂದೆರಡು ದಿನಗಳದ್ದು. ಹಬ್ಬಕ್ಕೆ ಮೊದಲೇ ಕಾಯಿ ಕೊಳೆತರೆ ನಷ್ಟವನ್ನು ತುಂಬಿಕೊಳ್ಳುವ ಅವಕಾಶ ವರ್ತಕನಿಗೆ ಉಳಿಯುವುದಿಲ್ಲ.

ಕಾಯಿ ಎಷ್ಟು ದಿನ ಉಳಿಯುತ್ತದೆಂಬುದು ಬಹುಮಟ್ಟಿಗೆ ಖರೀದಿಯ ಹೊತ್ತಿನಲ್ಲಿಯೇ ನಿರ್ಧಾರವಾಗುತ್ತದೆ. ಚೆನ್ನಾಗಿ ಬಲಿತ ಬೂದುಗುಂಬಳದ ಮೇಲೆ ಬಿಳಿಯ ಬೂದಿ ದಟ್ಟವಾಗಿರುತ್ತದೆ. ಇದು ಒಂದು ಬಗೆಯ ಮೇಣ; ಒಳಗಿನ ನೀರು ಆರದಂತೆ, ಹೊರಗಿನ ರೋಗಾಣು ನೆಲೆಯೂರದಂತೆ ತಡೆಯುತ್ತದೆ. ಅಂದವಾಗಿ ಕಾಣಲೆಂದು ಇದನ್ನು ಒರೆಸಿ ತೊಳೆಯುವ ರೂಢಿ ಕೆಲವೆಡೆ ಇದೆ. ಇದು ಕೈಯಾರೆ ಮಾಡಿಕೊಳ್ಳುವ ಹಾನಿ. ಅರಶಿನ ಕುಂಕುಮವನ್ನೂ ಪೂಜೆಯ ದಿನವೇ ಹಚ್ಚುವುದು ಲೇಸು. ಉಗುರು ನಾಟುವ ಎಳೆಗಾಯಿ, ತೊಟ್ಟು ಮುರಿದ ಕಾಯಿ ಅಗ್ಗಕ್ಕೆ ದೊರೆತರೂ ದಾಸ್ತಾನಿಗೆ ಸಲ್ಲದು. ತೊಟ್ಟು ಹಿಡಿದು ಎತ್ತುವುದನ್ನೂ ಬಿಡಬೇಕು. ಅದು ಕಳಚಿದ ಜಾಗದಿಂದಲೇ ಕೊಳೆ ಒಳಹೊಗುತ್ತದೆ.

ಅಮೆರಿಕ ಮೊದಲಾದ ದೇಶಗಳಲ್ಲಿ ಅಕ್ಟೋಬರ್ 31ರ ಹಬ್ಬಕ್ಕೆ ಸಿಹಿಗುಂಬಳವನ್ನು ವಾರಗಟ್ಟಲೆ ಮನೆಯ ಹೊರಗೆ ಇರಿಸುತ್ತಾರೆ. ಅಲ್ಲಿನ ತಂಪು ಹವೆ ಅದಕ್ಕೆ ಅನುಕೂಲ. ಸಿಹಿಗುಂಬಳಕ್ಕೆ ಶಿಫಾರಸಾಗಿರುವುದು 10ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 50ರಿಂದ 70ರ ತೇವಾಂಶ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇವೆರಡೂ ದುರ್ಲಭ. ಹಾಗೆಂದು ಶೈತ್ಯಾಗಾರದ ಮೊರೆ ಹೋಗುವುದೂ ಸರಿಯಲ್ಲ: 10 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇಟ್ಟರೆ ಸಿಪ್ಪೆಯಲ್ಲಿ ಗುಳಿಬಿದ್ದು, ಹೊರತೆಗೆದೊಡನೆ ಕೊಳೆಯತೊಡಗುತ್ತದೆ.

ಇದಕ್ಕೆ ಪರಿಹಾರ ಈ ಭಾಗದ ಹಳೆಯ ಮನೆಗಳಲ್ಲಿಯೇ ಇದೆ. ಬಾಳೆನಾರಿನಿಂದ ಕಟ್ಟಿ ಮಾಡಿನ ಅಡಿಯಲ್ಲಿ ತೂಗುಹಾಕಿದ ಸೌತೆ, ಕುಂಬಳಗಳು ಮಳೆಗಾಲವಿಡೀ ಅಡುಗೆಗೆ ಒದಗುತ್ತಿದ್ದವು. ಕಾಯಿಗೆ ಕಾಯಿ ತಗಲದು, ನೆಲದ ಪಸೆ ಏರದು, ಸುತ್ತಲೂ ಗಾಳಿಯಾಡುತ್ತದೆ. ಗೋದಾಮಿನಲ್ಲಿ ತೂಗುಹಾಕಲು ಎಡೆಯಿಲ್ಲದಿದ್ದರೆ ಮರದ ಹಲಗೆಯ ಮೇಲೆ ಒಣಹುಲ್ಲು ಹಾಸಿ ಒಂದೇ ಸಾಲಿನಲ್ಲಿ ಇರಿಸಬಹುದು. ರಾಶಿ ಹಾಕಿದರೆ ಒಂದು ಕೊಳೆತ ಕಾಯಿಯ ರಸ ಕೆಳಗಿನವುಗಳನ್ನೆಲ್ಲ ಕೆಡಿಸುತ್ತದೆ. ಹಣ್ಣಾಗುತ್ತಿರುವ ಬಾಳೆಗೊನೆಯನ್ನು ಅದೇ ಕೋಣೆಯಲ್ಲಿ ಇಡಬಾರದು. ಅದರಿಂದ ಹೊಮ್ಮುವ ಎಥಿಲೀನ್ ಅನಿಲ ಕಾಯಿಯ ಬಾಳಿಕೆಯನ್ನು ಕುಗ್ಗಿಸುತ್ತದೆ.

ಮಣ್ಣು ಮೆತ್ತಿದ ಸಿಹಿಗುಂಬಳವನ್ನು ಮಾತ್ರ ತೊಳೆಯಬಹುದು. 10 ಲೀಟರ್ ನೀರಿಗೆ ಸುಮಾರು 3 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಬಳಿಕ ಪೂರ್ತಿ ಆರಿಸಲೇಬೇಕು. ಹೊಳಪಿಗಾಗಿ ವಾರ್ನಿಷ್ ಬಳಿದ ಹಸಿಕಾಯಿ ಒಳಗಿನಿಂದ ಕೊಳೆಯುವ ಸಂಭವವಿದೆ. ವಾರ್ನಿಷ್ ಏನಿದ್ದರೂ ತಿಂಗಳುಗಟ್ಟಲೆ ಒಣಗಿಸಿದ ಸೋರೆಬುರುಡೆಗೆ ತಕ್ಕುದು. ಕೊರೆದು ಕೆತ್ತಿದ ಕಾಯಿಯಂತೂ ನಮ್ಮ ಸೆಕೆಯಲ್ಲಿ ಎರಡು ಮೂರು ದಿನ ಬಂದರೆ ಹೆಚ್ಚು. ಅದನ್ನು ಸಮಾರಂಭದ ಮುನ್ನಾದಿನವೇ ಸಿದ್ಧಪಡಿಸಬೇಕು.

ಹಬ್ಬ ಕಳೆದ ಮೇಲೆ ಉಳಿದ ಬಲಿತ ಬೂದುಗುಂಬಳ ವ್ಯರ್ಥವಲ್ಲ. ಮದುವೆಯ ಅಡುಗೆಯವರಿಗೆ ಕಾಶಿ ಹಲ್ವಕ್ಕೆ ಅದೇ ಬೇಕು. ಬಣ್ಣ ಬಳಿದವುಗಳನ್ನು ಮೊದಲೇ ಬೇರ್ಪಡಿಸಿ ಇಟ್ಟಿದ್ದಲ್ಲಿ, ಉಳಿದವನ್ನು ಅವರಿಗೆ ತೂಕದ ಲೆಕ್ಕದಲ್ಲಿ ಮಾರಬಹುದು.