ಕಂಡವರು ಹೇಳಲಿ, ಸಮಿತಿ ಕೇಳಲಿ

ಶಾಲೆ ಎಂದೊಡನೆ ನಮಗೆ ನೆನಪಾಗುವುದು ಪಾಠ, ಆಟ, ಪರೀಕ್ಷೆ. ಅಧ್ಯಾಪಕರು ದುಡಿಯುವ, ಅಡುಗೆಯವರು ಒಲೆಯ ಮುಂದೆ ಬೇಯುವ, ಮಕ್ಕಳು ದಿನದ ಆರೇಳು ಗಂಟೆ ಕಳೆಯುವ ಕೆಲಸದ ತಾಣವೂ ಅದು ಹೌದೆಂಬುದು ಅವಘಡವೊಂದು ಸಂಭವಿಸುವ ತನಕ ನಮ್ಮ ಗಮನಕ್ಕೆ ಬಾರದು.

2019ರ ನವೆಂಬರ್ 20ರಂದು ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ ಐದನೆಯ ತರಗತಿಯ ಬಾಲಕಿಗೆ ತರಗತಿಯೊಳಗೇ ಹಾವು ಕಚ್ಚಿತು. ಕೋಣೆಯಲ್ಲಿ ಬಿಲವಿತ್ತು. ಹಾವು ಕಚ್ಚಿದೆಯೆಂದು ತಾವು ಹೇಳಿದರೂ ಅವಳನ್ನು ಆಸ್ಪತ್ರೆಗೆ ಒಯ್ಯಲು ತಡವಾಯಿತೆಂದು ಸಹಪಾಠಿಗಳೇ ಬಳಿಕ ತಿಳಿಸಿದರು. ಮಗು ಉಳಿಯಲಿಲ್ಲ.

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದೊಡನೆ ಕೀಟನಾಶಕ ಸೇರಿ 23 ಮಕ್ಕಳು ಮಡಿದರು. ಎಣ್ಣೆಯಲ್ಲಿ ಏನೋ ದೋಷವಿದೆಯೆಂದು ಅಡುಗೆಯವಳು ಮೊದಲೇ ಹೇಳಿದ್ದಳೆಂದು ಆಗ ವರದಿಯಾಗಿತ್ತು. ಅದಕ್ಕೂ ಒಂಬತ್ತು ವರ್ಷ ಹಿಂದೆ, 2004ರ ಅದೇ ಜುಲೈ 16ರಂದು, ತಮಿಳುನಾಡಿನ ಕುಂಭಕೋಣದಲ್ಲಿ ಅಡುಗೆಮನೆಯ ಕಿಡಿ ಸೋಗೆಯ ಮಾಡಿಗೆ ಹತ್ತಿ 94 ಮಕ್ಕಳು ಬೆಂದುಹೋದರು. ಆ ಮಾಡು ದಿನವೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ಈ ಮೂರರಲ್ಲಿಯೂ ಅಪಾಯವು ಅಡಗಿ ಕುಳಿತುದಲ್ಲ. ಕಂಡವರಿದ್ದರು, ಅವರ ಮಾತು ತಲುಪಬೇಕಾದಲ್ಲಿಗೆ ತಲುಪಲಿಲ್ಲ. ಸುರಕ್ಷಾ ಸಮಿತಿಯ ಅಗತ್ಯವಿರುವುದು ಇಲ್ಲಿಯೇ.

ಕಾರ್ಖಾನೆಗಳು ಈ ಪಾಠವನ್ನು ನಮಗಿಂತ ಮೊದಲೇ ಕಲಿತವು. 1984ರ ಭೋಪಾಲ ದುರಂತದ ಬಳಿಕ 1987ರಲ್ಲಿ ನಮ್ಮ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯಕರ ಉದ್ಯಮಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷಾ ಸಮಿತಿಯನ್ನು ಕಡ್ಡಾಯಗೊಳಿಸಲಾಯಿತು. ಬ್ರಿಟನ್ನಿನ 1977ರ ನಿಯಮಗಳಾದರೋ ಶಾಲೆಗಳಿಗೂ ಅನ್ವಯಿಸುತ್ತವೆ. ಅಲ್ಲಿ ನೌಕರರ ಸಂಘದ ಇಬ್ಬರು ಸುರಕ್ಷಾ ಪ್ರತಿನಿಧಿಗಳು ಲಿಖಿತವಾಗಿ ಕೇಳಿದರೆ ಮೂರು ತಿಂಗಳೊಳಗೆ ಸಮಿತಿ ಏರ್ಪಡಬೇಕು. ಕೆಲಸ ಮಾಡುವವನೇ ಅಪಾಯವನ್ನು ಮೊದಲು ಕಾಣುತ್ತಾನೆಂಬುದೇ ಇದರ ತಿರುಳು.

ನಮ್ಮ ಶಾಲೆಗಳಿಗೆ ಅಡಿಗಲ್ಲು ಆಗಲೇ ಇದೆ. ಕುಂಭಕೋಣದ ದುರಂತದ ಹಿನ್ನೆಲೆಯಲ್ಲಿ ಹೂಡಲಾದ ಅರ್ಜಿಯ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು, ಸುರಕ್ಷಿತ ಶಾಲೆಯು ಶಿಕ್ಷಣದ ಹಕ್ಕಿನ ಅಂಗವೆಂದು ಸಾರಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ರಕ್ಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸುರಕ್ಷೆಯನ್ನು ಇದರ ಖಾಯಂ ವಿಷಯವನ್ನಾಗಿ ಮಾಡಲು ಯಾರ ಅಪ್ಪಣೆಯೂ ಬೇಡ.

ಆದರೆ ಸಮಿತಿ ಇದ್ದರೆ ಸಾಲದು. ಚಹಾ ಕುಡಿದು, 'ಎಲ್ಲವೂ ತೃಪ್ತಿಕರ' ಎಂದು ನಡವಳಿ ಬರೆದು ಎದ್ದುಹೋಗುವ ಸಭೆಗಳನ್ನು ನಾವೂ ನಡೆಸಿದ್ದೇವೆ. ಅಂಥ ನಡವಳಿಗೆ ನಾವೂ ರುಜು ಹಾಕಿದ್ದೇವೆ. ಬತ್ತೇರಿಯ ಸುದ್ದಿ ಓದಿದ ಮರುದಿನ ನಮ್ಮ ತರಗತಿಗಳ ಗೋಡೆಯ ಬುಡವನ್ನು ನೋಡಿದಾಗ ಆ ರುಜು ನಮ್ಮನ್ನು ಚುಚ್ಚಿತು.

ಸಮಿತಿಯ ಸಭೆ ಕುರ್ಚಿಯಲ್ಲಲ್ಲ, ಕಾಲ್ನಡಿಗೆಯಲ್ಲಿ ಆರಂಭವಾಗಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹಂಚಿನ ಮಾಡು, ಬಾವಿಯ ಕಟ್ಟೆ, ವಿದ್ಯುತ್ ತಂತಿ, ಶೌಚಾಲಯ, ಅಡುಗೆಮನೆಯ ಸಿಲಿಂಡರು, ಅಂಗಳದ ಪೊದೆ, ಇವೆಲ್ಲವನ್ನೂ ಸುತ್ತಿ ನೋಡಬೇಕು. ಅಡುಗೆಯವರೂ ಜವಾನರೂ ಹಿರಿಯ ತರಗತಿಯ ಇಬ್ಬರು ಮಕ್ಕಳೂ ಜೊತೆಗಿರಬೇಕು. ಕಂಡ ದೋಷವನ್ನು ಪುಸ್ತಕದಲ್ಲಿ ಬರೆದು, ಅದರ ಎದುರಿಗೆ ಸರಿಪಡಿಸುವವರ ಹೆಸರನ್ನೂ ತಾರೀಕನ್ನೂ ಕಾಣಿಸಬೇಕು. ಮುಂದಿನ ಸಭೆ ಆ ಪುಟವನ್ನು ಓದಿಯೇ ತೊಡಗಲಿ. ಹಣ ಬೇಕಾದ ಕೆಲಸವಾದರೆ ಮೇಲಿನವರಿಗೆ ಬರೆದ ಪತ್ರದ ಪ್ರತಿ ಅಲ್ಲಿರಲಿ. ಹಣ ಬರುವ ತನಕ ಆ ಕೋಣೆಗೆ ಬೀಗವಿರಲಿ.

ಅವಘಡದ ಹೊತ್ತಿನಲ್ಲಿ ಸಮಾಲೋಚನೆಗೆ ಸಮಯವಿರದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಮಗುವನ್ನು ನಡೆಸದೆ, ವಿಷನಿರೋಧಕ ಔಷಧಿಯಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಆ ಆಸ್ಪತ್ರೆ ಯಾವುದು, ವಾಹನ ಯಾರದು ಎಂಬುದು ಮೊದಲೇ ಗೋಡೆಯ ಮೇಲೆ ಬರೆದಿರಬೇಕು.

ರಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಭೆಗೆ ಬಂದಾಗ ಮಕ್ಕಳ ಅಂಕಗಳನ್ನು ಕೇಳುವುದರೊಂದಿಗೆ ಆ ಪುಸ್ತಕವನ್ನೂ ಕೇಳಿರಿ. ಹೆಡ್ಮಾಸ್ತರರು ಮುಖ ಸಿಂಡರಿಸಿದರೂ ಕೇಳಿರಿ. ಅಂಥ ಪ್ರಶ್ನೆಯನ್ನು ಯಾರೂ ಕೇಳದ ವರ್ಷಗಳಲ್ಲಿಯೇ ನಾವು 'ತೃಪ್ತಿಕರ' ಎಂದು ಬರೆಯುತ್ತ ಬಂದುದು.