ಸಾವಿನ ಕಾರಣ, ಸಾವಿನ ಬಗೆ

ಶ್ರೀಲಂಕಾದ ವಿಶ್ಮಾ ಸಂದಮಾಲಿ 2021ರ ಮಾರ್ಚ್ 6ರಂದು ಇದೇ ನಗೋಯಾದ ವಲಸೆ ಇಲಾಖೆಯ ಬಂಧನದಲ್ಲಿ ತೀರಿಕೊಂಡರು. ವಯಸ್ಸು 33.

ಇಂಥ ತನಿಖೆಯಲ್ಲಿ ಎರಡು ಪ್ರಶ್ನೆಗಳಿರುತ್ತವೆ. ದೇಹದಲ್ಲಿ ಏನು ಕೆಟ್ಟು ಜೀವ ಹೋಯಿತು ಎಂಬುದು ಸಾವಿನ ಕಾರಣ. ಅದನ್ನು ಮರಣೋತ್ತರ ಪರೀಕ್ಷೆಯಲ್ಲಿ, ರಕ್ತ, ಅಂಗಾಂಶಗಳಲ್ಲಿ ಹುಡುಕುತ್ತಾರೆ. ಕಾಯಿಲೆಯೋ, ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ ಎಂಬುದು ಸಾವಿನ ಬಗೆ. ಇದಕ್ಕೆ ಸ್ಥಳ, ಸಾಕ್ಷಿ, ದಾಖಲೆಗಳೂ ಬೇಕು.

ಆಗಸ್ಟ್‌ನಲ್ಲಿ ಬಂದ ಸರ್ಕಾರಿ ವರದಿ ಇದು ಕಾಯಿಲೆಯಿಂದಾದ ಸಾವು ಎಂದಿತು. ನಿಖರ ಕಾರಣ ಗುರುತಿಸುವುದು ಕಷ್ಟ ಎಂದೂ ಹೇಳಿತು. ಬಗೆ ಗೊತ್ತು, ಕಾರಣ ಗೊತ್ತಿಲ್ಲ! ಕೋಣೆಯ ಕ್ಯಾಮೆರಾ ದೃಶ್ಯಗಳಿಗಾಗಿ ಕುಟುಂಬ ಪಟ್ಟು ಹಿಡಿದದ್ದು ಸರಿಯೇ: ದಿನೇ ದಿನೇ ಕುಸಿದ ಬಗೆಯೆಲ್ಲ ಶವದಲ್ಲಿ ಕಾಣುವುದಿಲ್ಲ.

ನಮ್ಮಲ್ಲೂ ಒಂಟಿಯಾಗಿರುವವರಿದ್ದೀರಿ. ಒಕುಸುರಿ ತೆಚೋ, ಆಸ್ಪತ್ರೆ ಚೀಟಿಗಳನ್ನು ಒಂದೆಡೆ ಇಡಿ. ಮಾತಾಡಲಾಗದಾಗ ನಿಮ್ಮ ಕಾಯಿಲೆಯ ಕಥೆಯನ್ನು ವೈದ್ಯರಿಗೆ ಹೇಳುವುದು ಅವೇ.